ರೈನ್ ಹೊಳೆಯಲ್ಲಿ ಮಾರಿಕಣಿವೆಯ ಸುದ್ದಿ

ಚಿತ್ರದುರ್ಗ ಜಿಲ್ಲೆಯ ಹೆಂಗಸರಿಗೂ ಹಡಗಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹಿರಿಯರು ವಿಚಾರಿಸುತ್ತಿದ್ದದ್ದು ಹುಡುಗನ ಸಂಬಳವನ್ನಲ್ಲ, ಆ ಮನೆಗೂ ಸಿಹಿನೀರಿನ ಬಾವಿಗೂ ಎಷ್ಟು ದೂರ ಎನ್ನುವುದನ್ನು. ಅಂಥ ಸೀಮೆಯ ಒಂಬತ್ತು ಮಂದಿ ಹೆಂಗಸರು ಯುರೋಪಿನ ರೈನ್ ನದಿಯ ಮೇಲೆ ಒಂದು ವಾರ ತೇಲಿಕೊಂಡು ಹೋಗಲು ಹಣ ಕಟ್ಟಿದೆವೆಂದಾಗ ಊರಿನಲ್ಲಿ ನಗದವರೇ ಇಲ್ಲ. 'ಈಜು ಬರುತ್ತಾ ಟೀಚರಮ್ಮ?' ಎಂದು ತರಕಾರಿ ಅಂಗಡಿಯವನೂ ಕೇಳಿದ.

ಹಣ ಕಟ್ಟಿದ್ದು 2020ರಲ್ಲಿ. ಆಮೇಲೆ ಕೊರೋನಾ ಬಂತು, ಹೊರಟದ್ದು 2022ರ ಆಗಸ್ಟಿನಲ್ಲಿ. ದುರ್ಗದಿಂದ ಮೂವರು, ಹೊಸದುರ್ಗದ ಇಬ್ಬರು ನಿವೃತ್ತ ಮೇಡಂಗಳು, ಹೊಳಲ್ಕೆರೆಯ ಅಕ್ಕತಂಗಿ, ಹಿರಿಯೂರಿನಿಂದ ನಾನು ಮತ್ತು ನನ್ನ ವಾರಗಿತ್ತಿ. ವಾರಗಿತ್ತಿಯರು ಒಂದೇ ಕೋಣೆಯಲ್ಲಿ ಏಳು ರಾತ್ರಿ ಕಳೆದು ಮಾತನಾಡಿಕೊಂಡೇ ಮನೆಗೆ ಬರುತ್ತಾರೆಯೇ ಎಂಬುದರ ಮೇಲೆ ನಮ್ಮ ಯಜಮಾನರೂ ಮೈದುನನೂ ಪಂದ್ಯ ಕಟ್ಟಿದ್ದರೆಂದು ಆಮೇಲೆ ತಿಳಿಯಿತು.

ಏರ್ಪಾಟು ಹೀಗೆ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನಲ್ಲಿ ಹಡಗು ಹತ್ತುವುದು, ಹಾಲೆಂಡಿನ ಆಮ್‌ಸ್ಟರ್‌ಡಾಮಿನಲ್ಲಿ ಇಳಿಯುವುದು. ರಾತ್ರಿ ಹಡಗು ನಡೆಯುತ್ತದೆ, ಬೆಳಗ್ಗೆ ಕಣ್ಣು ಬಿಟ್ಟರೆ ಕಿಟಕಿಯಲ್ಲಿ ಬೇರೆ ಊರು. ಪೆಟ್ಟಿಗೆ ಕಟ್ಟುವ, ಬಿಚ್ಚುವ ಗೋಳಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಇದಕ್ಕಿಂತ ಸುಖದ ಪ್ರವಾಸ ಬೇರೊಂದಿಲ್ಲ ಎಂದು ನಾನು ಮುಚ್ಚಳಿಕೆ ಬರೆದುಕೊಡಲು ಸಿದ್ಧ. ಊಟದ ವಿಷಯ ಮಾತ್ರ ಹೇಳುವುದಿಲ್ಲ. ಶೇಂಗಾ ಚಟ್ನಿಪುಡಿ ಒಂದಿತ್ತು, ಬದುಕಿಕೊಂಡೆವು.

ಮೊದಲ ಎರಡು ದಿನ ನನಗೆ ಇಗರ್ಜಿಗಳಿಗಿಂತ ಹೆಚ್ಚಾಗಿ ಕಣ್ಣಿಗೆ ಬಿದ್ದದ್ದು ಆ ಊರುಗಳು ಹೊಳೆಯ ಕಡೆಗೆ ಮುಖ ಮಾಡಿ ಕೂತಿರುವ ರೀತಿ. ದಂಡೆಯುದ್ದಕ್ಕೂ ಮರ, ಬೆಂಚು, ಮುದುಕರು, ಮಕ್ಕಳು. ನಮ್ಮ ಹಿರಿಯೂರೂ ಹೊಳೆಯ ಊರೇ. ವೇದಾವತಿಯ ದಂಡೆಯಲ್ಲಿ ತೇರುಮಲ್ಲೇಶ್ವರನ ಗುಡಿಯಿದೆ, ಒಳಗೆ ಚಾವಣಿಯ ತುಂಬ ಪುರಾಣದ ಚಿತ್ರಗಳಿವೆ. ದೇವರನ್ನು ಬಿಟ್ಟರೆ ಉಳಿದ ನಾವೆಲ್ಲ ಹೊಳೆಗೆ ಹಿತ್ತಲು ತೋರಿಸಿ ಮನೆ ಕಟ್ಟಿಕೊಂಡವರು. ಹೊಳೆಯೆಂದರೆ ಮರಳು, ಜಾಲಿ, ಕಸ. ನೀರಿದ್ದರಲ್ಲವೇ ಮುಖ ತಿರುಗಿಸುವುದು!

ಮೂರನೆಯ ದಿನ ನಮ್ಮ ಹಡಗಿನವರು ಎಲ್ಲರನ್ನೂ ಒಂದು ಕಡೆ ಕೂಡಿಸಿ, ಬಹಳ ವಿನಯದಿಂದ, ಮುಂದೆ ಹೊಳೆಯಲ್ಲಿ ನೀರು ಸಾಲದು ಎಂದರು. ಆ ವರ್ಷ ಯುರೋಪಿನಲ್ಲಿ ಬರ. ಕೌಬ್ ಎಂಬ ಊರಿನ ಹತ್ತಿರ ರೈನಿನಲ್ಲಿ ಅಳತೆಕೋಲು ಇದೆ, ಹಡಗಿನವರೆಲ್ಲ ಅದನ್ನು ನೋಡಿಯೇ ಸರಕು ತುಂಬುವುದು. ಆಗಸ್ಟ್ ನಡುವಿನಲ್ಲಿ ಅದು ಮೂವತ್ತೆರಡು ಸೆಂಟಿಮೀಟರಿಗೆ ಇಳಿದಿತ್ತು. ಹಡಗಿನ ದಾರಿಯಲ್ಲಿ ಅದಕ್ಕಿಂತ ಆಳವೇ ಇರುತ್ತದಂತೆ, ಆದರೂ ಕಲ್ಲಿದ್ದಲು ಸಾಗಿಸುವ ದೋಣಿಗಳೇ ಅರ್ಧಕ್ಕಿಂತ ಕಡಿಮೆ ಹೊರೆ ಹಾಕಿಕೊಂಡು ಓಡುತ್ತಿದ್ದವು. ಹಾಗಾಗಿ ರ್‍ಯೂಡೆಸ್‌ಹೈಮಿನಿಂದ ಕೋಬ್ಲೆಂಜಿನವರೆಗೆ ಬಸ್ಸು, ಅಲ್ಲಿಂದಾಚೆಗೆ ಬೇರೆ ಹಡಗು.

'ಏನಕ್ಕಾ ಇದು, ಹೊಳೆ ಮ್ಯಾಲೆ ಕರ್ಕಂಡು ಹೋಗ್ತೀವಿ ಅಂತ ಹೇಳಿ ಬಸ್ಸಾಗೆ ಕೂರ್ಸಿದ್ರಲ್ಲ' ಎಂದಳು ನನ್ನ ವಾರಗಿತ್ತಿ. 'ಬತ್ತಿದ ಹೊಳೆ ನೋಡಾಕೆ ಇಷ್ಟು ದೂರ ಬರ್ಬೇಕಿತ್ತಾ? ಹಿರಿಯೂರು ಸೇತುವೆ ಮ್ಯಾಲೆ ನಿಂತಿದ್ರೆ ಸಾಕಾಗಿತ್ತು.' ಬಸ್ಸಿನಲ್ಲಿ ಕನ್ನಡ ತಿಳಿದವರೆಲ್ಲ ನಕ್ಕರು. ಹೊಳಲ್ಕೆರೆಯ ಅಕ್ಕತಂಗಿ ಮಾತ್ರ ಗಂಭೀರವಾಗಿ, ಈ ಹೊಳೆಗೆ ನೀರು ಬರಲಿ ಎಂದು ತಮ್ಮೂರಿನ ಬಯಲು ಗಣಪತಿಗೆ ನೂರೆಂಟು ಗರಿಕೆಯ ಹರಕೆ ಹೊತ್ತರು. ಚಾವಣಿಯ ಹಂಗಿಲ್ಲದೆ ಬಿಸಿಲು ಮಳೆಯಲ್ಲಿ ಕೂತ ದೇವರು, ಮಳೆಯ ವಿಷಯ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎನ್ನುವುದು ಅವರ ವಾದ.

ಬಸ್ಸಿನ ದಾರಿಯೇನೂ ಕೆಟ್ಟದ್ದಲ್ಲ. ಎರಡೂ ಕಡೆ ಗುಡ್ಡ, ಗುಡ್ಡಕ್ಕೊಂದು ಕೋಟೆ, ಕೆಳಗೆ ದ್ರಾಕ್ಷಿ ತೋಟ. ಕೌಬಿನಲ್ಲಿ ನದಿಯ ನಡುವೆಯೇ ಬಿಳಿಯ ಪುಟ್ಟ ಕೋಟೆ, ಅದರ ಸುತ್ತ ಆ ವರ್ಷ ಕಲ್ಲುಮರಳು ಎದ್ದು ನಿಂತಿತ್ತು. ಹಿಂದೆ ನದಿಗೆ ಅಡ್ಡ ಸರಪಳಿ ಎಳೆದು, ಸುಂಕ ಕೊಡದ ದೋಣಿಗಳನ್ನು ತಡೆಯುತ್ತಿದ್ದರಂತೆ. 'ಅಯ್ಯೋ, ಇವರೂ ಪಾಳೆಯಗಾರರೇ ಬಿಡಿ' ಎಂದರು ದುರ್ಗದವರು. ಏಳುಸುತ್ತಿನ ಕೋಟೆಯ ನೆರಳಿನಲ್ಲಿ ಹುಟ್ಟಿದವರಿಗೆ ಬೇರೆ ಕೋಟೆ ಒಪ್ಪಿಸುವುದು ಸುಲಭವಲ್ಲ. ಅವರಲ್ಲೊಬ್ಬರು ಗೈಡನ್ನು ಹಿಡಿದು ಕೇಳಿಯೇಬಿಟ್ಟರು, ಅಷ್ಟೆತ್ತರದಲ್ಲಿ ಕುಡಿಯುವ ನೀರಿಗೆ ಏನು ಮಾಡುತ್ತಿದ್ದರು ಎಂದು. ಮಳೆನೀರಿನ ತೊಟ್ಟಿ ಇರುತ್ತಿತ್ತು ಎಂದನಾತ. ಇವರು ಬಿಡಬೇಕಲ್ಲ! ನಮ್ಮ ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕತಂಗಿಯರ ಹೊಂಡಕ್ಕೆ ಬಂದು, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ ಇಳಿಯುವ ಕಥೆಯನ್ನು ಕೈಸನ್ನೆ ಬೆರೆಸಿದ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದರು. ಗೈಡು ನಿಜವಾಗಿಯೂ ಆಸಕ್ತಿಯಿಂದ ಕೇಳಿದ. ಮದಕರಿ ನಾಯಕನ ಹೆಸರನ್ನು ಎರಡು ಸಲ ಹೇಳಿಸಿಕೊಂಡ.

ಆ ಬಸ್ಸಿನಲ್ಲೇ ಮನೆಯಿಂದ ಫೋನು ಬಂತು. ಮಾರಿಕಣಿವೆ ತುಂಬುತ್ತಿದೆ! ದಿನದಿನಕ್ಕೂ ನೀರು ಏರುತ್ತಿದೆ, ಹೀಗೇ ಆದರೆ ಕೋಡಿ ಬೀಳುತ್ತದೆ ಎಂದು ನಮ್ಮವರ ದನಿ ಮಗುವಿನ ಹಾಗೆ ನಡುಗುತ್ತಿತ್ತು.

ಇದರ ಅರ್ಥ ಹೊರಗಿನವರಿಗೆ ಆಗಲಿಕ್ಕಿಲ್ಲ. ವಾಣಿವಿಲಾಸ ಸಾಗರದ ಕೆಲಸ ಶುರುವಾದದ್ದು 1898ರಲ್ಲಿ, ನಾಲ್ವಡಿಯವರು ಇನ್ನೂ ಚಿಕ್ಕವರಿದ್ದಾಗ, ಅವರ ತಾಯಿ ರಾಜ್ಯ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ. ಆ ತಾಯಿಯದೇ ಹೆಸರು. ಮುಗಿದದ್ದು 1907ರಲ್ಲಿ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡ ಕಲ್ಲಿನ ಗೋಡೆ, ನೂರಮೂವತ್ತು ಅಡಿ ನೀರು ನಿಂತರೆ ಕೋಡಿ. ಅದು ಕೋಡಿ ಬಿದ್ದದ್ದು 1933ರಲ್ಲಿ. ಅಷ್ಟೇ. ನಮ್ಮತ್ತೆ ಅದನ್ನು ತಮ್ಮ ಅಪ್ಪನ ಬಾಯಲ್ಲಿ ಕೇಳಿದ್ದರು, ನಾವು ಅತ್ತೆಯ ಬಾಯಲ್ಲಿ ಕೇಳಿದ್ದೆವು. ನೀರು ಕಡಿಮೆಯಾಗುತ್ತಾ ಹೋಗಿ, 2017ರ ಸುಮಾರಿಗೆ ಜಲಾಶಯದ ತಳ ಕಂಡಿತು. ಅಚ್ಚುಕಟ್ಟಿನ ತೆಂಗಿನ ತೋಟಗಳು ನಿಂತಲ್ಲೇ ಸತ್ತವು. ನಮ್ಮದೇ ನೂರಿಪ್ಪತ್ತು ಮರ ಹೋದವು. ತೆಂಗು ಸಾಯುವುದನ್ನು ನೋಡಿದ್ದೀರಾ? ಮೊದಲು ಗರಿಗಳು ಜೋತುಬೀಳುತ್ತವೆ, ಆಮೇಲೆ ಸುಳಿಯೇ ಕಳಚಿ ಬೀಳುತ್ತದೆ, ಕೊನೆಗೆ ಬರೀ ಕಂಬ. ಬೋಳು ಕಂಬಗಳನ್ನು ಇಟ್ಟಿಗೆ ಗೂಡಿನವರು ಕೊಯ್ದುಕೊಂಡು ಹೋದ ದಿನ ನಮ್ಮತ್ತೆ ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. 2019ರಿಂದ ಭದ್ರೆಯ ನೀರನ್ನು ಎತ್ತಿ ವೇದಾವತಿಗೆ ಬಿಡತೊಡಗಿದ್ದರು, ಅದರ ಮೇಲೆ ಈ ಮಳೆ.

ಫೋನಿಟ್ಟು ನಾನು ಸುದ್ದಿ ಸಾರಿದೆ. ದುರ್ಗದವರಿಗೂ ಕುಡಿಯುವ ನೀರು ಬರುವುದು ಅಲ್ಲಿಂದಲೇ, ಅವರು ಚಪ್ಪಾಳೆ ತಟ್ಟಿದರು. ಹೊಳಲ್ಕೆರೆಯವರಿಗೆ ತಮ್ಮ ಹರಕೆ ವಿಳಾಸ ತಪ್ಪಿ ನೇರ ಊರಿಗೇ ಹೋಗಿದೆ ಎಂದು ಹೆಮ್ಮೆಯೋ ಹೆಮ್ಮೆ. ನನ್ನ ವಾರಗಿತ್ತಿ ಮಾತ್ರ ಕಿಟಕಿಯ ಆಚೆ ನೋಡುತ್ತಿದ್ದಳು. ಅವಳ ತವರು ಹೊಸದುರ್ಗ ತಾಲ್ಲೂಕಿನಲ್ಲಿ, ಹಿನ್ನೀರಿನ ಅಂಚಿನ ಹಳ್ಳಿ. ಎಂಬತ್ತೊಂಬತ್ತು ವರ್ಷ ನೀರು ಮುಟ್ಟದ ಜಾಗವನ್ನು ಮೂರು ತಲೆಮಾರು ಉತ್ತು, ಅಡಿಕೆ ತೆಂಗು ಹಾಕಿಕೊಂಡಿದ್ದಾರೆ. ಅವಳ ಅಣ್ಣನ ಫೋನು ಅವಳಿಗೆ ಹಿಂದಿನ ರಾತ್ರಿಯೇ ಬಂದಿತ್ತು, ನೀರು ತೋಟದ ಬೇಲಿಗೆ ಬಂದಿದೆ ಎಂದು. ನನಗೆ ಹೇಳಿರಲಿಲ್ಲ.

ಒಂದೇ ಮನೆಗೆ ಸೊಸೆಯರಾಗಿ ಬಂದ ಇಬ್ಬರು, ಒಬ್ಬಳ ಅನ್ನ ಅಣೆಕಟ್ಟಿನ ಕೆಳಗೆ, ಇನ್ನೊಬ್ಬಳ ತವರು ಅಣೆಕಟ್ಟಿನ ಮೇಲೆ. ಇಷ್ಟು ವರ್ಷ ಕೆರೆ ತುಂಬಲಿಲ್ಲವಾದ್ದರಿಂದ ಈ ವಿಷಯ ನಮ್ಮ ನಡುವೆ ಬಂದೇ ಇರಲಿಲ್ಲ.

ಕೋಬ್ಲೆಂಜಿನಲ್ಲಿ ಮೋಜೆಲ್ ನದಿ ಬಂದು ರೈನನ್ನು ಸೇರುತ್ತದೆ. ರೋಮನ್ನರು ಆ ಜಾಗಕ್ಕೆ ಸಂಗಮ ಎಂಬರ್ಥದ ಹೆಸರಿಟ್ಟರು, ಅದೇ ಸವೆದು ಕೋಬ್ಲೆಂಜ್ ಆಗಿದೆ ಎಂದು ಗೈಡು ವಿವರಿಸಿದ. ಅಷ್ಟೇ ತಾನೇ, ನಮ್ಮ ಹಿರಿಯೂರಿನ ಹತ್ತಿರ ಸುವರ್ಣಮುಖಿ ವೇದಾವತಿಯನ್ನು ಸೇರುವ ಊರು ಕೂಡಲಹಳ್ಳಿ, ಇದೂ ಒಂದು ಕೂಡಲಹಳ್ಳಿ ಎಂದು ನಾನು ಕನ್ನಡದಲ್ಲಿ ಅನುವಾದಿಸಿದೆ. ಬೇರೆ ದಿನವಾಗಿದ್ದರೆ ವಾರಗಿತ್ತಿ ನಗುತ್ತಿದ್ದಳು.

ಆ ಸಂಜೆ ಅವನು ಹೇಳಿದ ಇನ್ನೊಂದು ವಿಷಯ ನನ್ನ ಮನಸ್ಸಿನಲ್ಲಿ ಉಳಿದಿದೆ. ಆ ದಂಡೆಯ ಹಳೆಯ ಊರುಗಳಲ್ಲಿ ಪ್ರವಾಹ ಬಂದ ವರ್ಷ ನೀರು ಎಲ್ಲಿಯವರೆಗೆ ಏರಿತೆಂದು ಗೋಡೆಯ ಮೇಲೆ ಗೆರೆ ಕೊರೆದು ಇಸವಿ ಬರೆಯುತ್ತಾರೆ. ಕೆಲವು ಗೆರೆಗಳು ನನ್ನ ತಲೆಗಿಂತ ಮೇಲಿದ್ದವು. ಹಾಗೆಯೇ ಬರ ಬಂದು ನದಿಯ ತಳದ ಬಂಡೆ ಕಂಡಾಗ ಅದರ ಮೇಲೂ ಇಸವಿ ಕೆತ್ತುತ್ತಾರೆ. ಹಸಿವಿನ ಕಲ್ಲು ಎಂದು ಅದರ ಹೆಸರು. ವೋರ್ಮ್ಸ್ ಊರಿನ ಬಳಿ ಅಂಥ ಕಲ್ಲುಗಳು ಆ ಆಗಸ್ಟಿನಲ್ಲಿ ಮತ್ತೆ ಮೇಲೆ ಬಂದಿದ್ದವು. ನಮ್ಮಲ್ಲಿ ಬರವನ್ನೂ ನೆರೆಯನ್ನೂ ಹೆಂಗಸರು ಹೆರಿಗೆ ಮದುವೆಗಳ ಜೊತೆ ಸೇರಿಸಿ ನೆನಪಿಟ್ಟುಕೊಳ್ಳುತ್ತಾರೆ, ಕಲ್ಲಿಗೆ ಕೆಲಸ ಕೊಡುವುದಿಲ್ಲ.

ರಾತ್ರಿ ಹೊಸ ಹಡಗಿನ ಮೇಲಟ್ಟದಲ್ಲಿ ಇಬ್ಬರೇ ಕೂತೆವು. ಅವಳೇ ಬಾಯಿ ಬಿಟ್ಟಳು. 'ಅಕ್ಕಾ, ನೀವು ಸುಮ್ಕಿರಬ್ಯಾಡ್ರಿ. ನಿಮ್ಗೆ ಖುಷಿ ಆಗೈತೆ, ನಂಗೊತ್ತು. ಅತ್ತೆ ಅತ್ತಿದ್ದು ನಾನೂ ನೋಡಿಲ್ವಾ? ನಮ್ಮ ಮನೆದೂ ಅದೇ ತೋಟ ತಾನೆ. ಆದ್ರೆ ನಂಗೆ ನಗು ಬರಾಕಿಲ್ಲ, ಏನ್ ಮಾಡ್ಲಿ?' ನಾನು ಏನೂ ಹೇಳಲಿಲ್ಲ. ಹೇಳುವಂಥದ್ದು ಇರಲಿಲ್ಲ. ಚೀಲದಲ್ಲಿದ್ದ ಕಡೆಯ ಚಕ್ಕುಲಿಯನ್ನು ಮುರಿದು ಅರ್ಧ ಕೊಟ್ಟೆ, ತಿಂದಳು.

ಕಲೋನಿನ ಎತ್ತರದ ಇಗರ್ಜಿಯನ್ನು 1248ರಲ್ಲಿ ಶುರುಮಾಡಿ 1880ರಲ್ಲಿ ಮುಗಿಸಿದರಂತೆ. ಇಂಥ ದೊಡ್ಡ ದೊಡ್ಡ ಸಂಗತಿಗಳನ್ನೆಲ್ಲ ಉಳಿದ ದಿನಗಳಲ್ಲಿ ನೋಡಿದೆವು. ಬೆಳಗ್ಗೆ ಮೊದಲು ಇಬ್ಬರೂ ನೋಡುತ್ತಿದ್ದದ್ದು ಮೊಬೈಲು. ನಾನು ಜಲಾಶಯದ ಅಡಿ, ಅವಳು ಬೇಲಿಯ ಫೋಟೋ.

ಸೆಪ್ಟೆಂಬರ್ 2ರಂದು ಕೋಡಿ ಬಿತ್ತು. ಆಗ ನಾವು ಊರಿನಲ್ಲಿದ್ದೆವು. ಹಿರಿಯೂರಿಗೆ ಹಿರಿಯೂರೇ ಕಣಿವೆ ಮಾರಮ್ಮನ ಗುಡಿಯ ಹತ್ತಿರ ನೆರೆದಿತ್ತು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದೆವು. ವಾರಗಿತ್ತಿ ಬಾಗಿನದ ಮೊರಕ್ಕೆ ಬಳೆ, ಅರಿಶಿನ ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿಕೊಟ್ಟು, ತಾನು ಮೊದಲ ಬಸ್ಸಿಗೆ ತವರಿಗೆ ಹೋದಳು.

ಮರುವಾರ ನಾನೂ ಹೋದೆ. ಅಡಿಕೆ ಮರಗಳು ಮೊಣಕಾಲುದ್ದ ನೀರಿನಲ್ಲಿ ಸಾಲಾಗಿ ನಿಂತಿದ್ದವು. ಪಂಪುಮನೆಯ ಗೋಡೆಗೆ ನೀರಿನ ಕರೆ ಕೂತಿತ್ತು. ನಾನು ರೈನಿನ ಗೋಡೆಗಳ ವಿಷಯ ಹೇಳಿ, ಇಲ್ಲೊಂದು ಗೆರೆ ಎಳೆದು ಇಸವಿ ಬರೆಯಬಹುದಲ್ಲ ಎಂದೆ. 'ಬರಿಬೌದು ಅಕ್ಕಾರೇ' ಎಂದರು ಅವಳ ಅಣ್ಣ. 'ಮುಂದ್ಲ ಸಲ ಇನ್ನೂ ಮ್ಯಾಲೆ ಬಂದ್ರೆ?' ಆಮೇಲೆ ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಆ ಮನೆಯಲ್ಲಿ ಯಾರೂ ನನ್ನ ಮುಂದೆ ಹಿರಿಯೂರಿನವರನ್ನು ಒಂದು ಮಾತು ಆಡಲಿಲ್ಲ. ಆಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಮುಂದಿನ ಸಲ ಎಂಬತ್ತೊಂಬತ್ತು ವರ್ಷ ಕಾಯಿಸಲಿಲ್ಲ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಅಷ್ಟರಲ್ಲಿ ಅವಳ ಅಣ್ಣ ಪಂಪುಮನೆಯನ್ನು ದಿಣ್ಣೆಯ ಮೇಲಕ್ಕೆ ಸಾಗಿಸಿದ್ದರು, ಕೆಳಗಿನ ಎರಡು ಸಾಲು ಅಡಿಕೆಯನ್ನು ಕೈಬಿಟ್ಟಿದ್ದರು. ವಾರಗಿತ್ತಿ ಆಗಲೂ ತವರಿನಲ್ಲೇ ಇದ್ದಳು. ಬೆಳಗ್ಗೆ ಆರಕ್ಕೆ ಅವಳ ಫೋನು.

'ಅಕ್ಕಾ, ಹೊಸ ಸಸಿಗಳಿಗೆ ಕಾಲುವೆ ನೀರು ಹರೀತೈತಾ?'

'ಹರೀತೈತೆ' ಎಂದೆ. 'ಅಲ್ಲಿ?'

'ಬೇಲಿ ದಾಟಿಲ್ಲ ಇನ್ನೂ. ನೀವು ಮೂಲೆ ಸಸಿಗೆ ಕಡ್ಡಿ ಕಟ್ಸಿ, ವಾಲೈತೆ ಅದು.'