ಬರ್ಲಿನ್ನಿನ ನೆಲಮಾಳಿಗೆಗೆ ಮರಳಿದ ತಾಳ

ಬರ್ಲಿನ್ನಿನ ಹೈನ್‌ರಿಷ್ ಹೈನೆ ಸ್ಟ್ರಾಸೆ ನಿಲ್ದಾಣದಲ್ಲಿ ಸುರಂಗ ರೈಲಿನಿಂದ ಇಳಿದು ತುಸು ದೂರ ನಡೆದರೆ ಕೋಪೆನಿಕರ್ ಸ್ಟ್ರಾಸೆಯ ಹಳೆಯ ವಿದ್ಯುದಾಗಾರ ಎದುರಾಗುತ್ತದೆ. 1960ರ ದಶಕದಲ್ಲಿ ಕಟ್ಟಿದ್ದು. ಆಗಿನ ಪೂರ್ವ ಬರ್ಲಿನ್ನಿಗೆ ವಿದ್ಯುತ್ತಿನ ಜೊತೆಗೆ ಚಳಿಗಾಲದ ಬಿಸಿಯನ್ನೂ ಒದಗಿಸುತ್ತಿತ್ತು. 1997ರಲ್ಲಿ ಕೆಲಸ ನಿಲ್ಲಿಸಿತು. ಈಗ ಅದರ ನೆಲಮಾಳಿಗೆಯಲ್ಲಿ ‘ಟ್ರೆಸೊರ್’ ಎಂಬ ನೃತ್ಯಶಾಲೆಯಿದೆ. ಆ ಊರಲ್ಲೇ ಉದ್ಯೋಗದಲ್ಲಿರುವ ಅಣ್ಣನ ಮಗ, ‘ಚಿಕ್ಕಪ್ಪ, ಕಿವಿಗೆ ಹತ್ತಿ ಇಟ್ಕೊಳ್ಳಿ’ ಎಂದು ಎಚ್ಚರಿಸಿಯೇ ನನ್ನನ್ನು ಕರೆದೊಯ್ದ.

ಟ್ರೆಸೊರ್ ಎಂದರೆ ಖಜಾನೆ. ಹೆಸರು ಸುಮ್ಮನೆ ಬಂದದ್ದಲ್ಲ. ಬರ್ಲಿನ್ ಗೋಡೆ ಬಿದ್ದ ಮೇಲೆ, 1991ರಲ್ಲಿ, ಲೈಪ್ಜಿಗರ್ ಸ್ಟ್ರಾಸೆಯಲ್ಲಿ ವೆರ್ಟ್‌ಹೈಮ್ ಎಂಬ ಯಹೂದಿ ಕುಟುಂಬದ ಹಳೆಯ ಮಳಿಗೆಯ ತಳದಲ್ಲಿದ್ದ ಭದ್ರತಾ ಕೊಠಡಿಯಲ್ಲಿ ಇದು ಆರಂಭವಾಯಿತು. ನಾಜಿಗಳು ಕುಟುಂಬದಿಂದ ಮಳಿಗೆ ಕಸಿದರು, ಯುದ್ಧ ಕಟ್ಟಡವನ್ನು ಕೆಡವಿತು. ನೆಲದೊಳಗಿನ ಖಜಾನೆ ಮಾತ್ರ ತುಕ್ಕು ಹಿಡಿದುಕೊಂಡು ಉಳಿದಿತ್ತು. 2005ರಲ್ಲಿ ಅಲ್ಲಿಂದ ಎಬ್ಬಿಸಿದರು. 2007ರಲ್ಲಿ ವಿದ್ಯುದಾಗಾರಕ್ಕೆ ಬಂತು.

ನಾನು ಅಲ್ಲಿಗೆ ಹೋಗಲು ಕಾರಣವಾದದ್ದು ಒಂದು ಧ್ವನಿಮುದ್ರಿಕೆ. ಟ್ರೆಸೊರ್ ಸಂಸ್ಥೆಯೇ 2013ರಲ್ಲಿ ಹೊರತಂದ ‘ಬಾರ್ಡರ್‌ಲ್ಯಾಂಡ್’ ಅನ್ನು ಅಣ್ಣನ ಮಗ ಮನೆಯಲ್ಲಿ ಕೇಳಿಸಿದ್ದ. ಅದನ್ನು ರಚಿಸಿದವರು ಇಬ್ಬರು. ಡೆಟ್ರಾಯಿಟ್‌ನ ವಾನ್ ಆಟ್‌ಕಿನ್ಸ್ ಟೆಕ್ನೊ ಸಂಗೀತದ ಮೂಲಪುರುಷರಲ್ಲಿ ಒಬ್ಬರು. ಇನ್ನೊಬ್ಬರು ಜರ್ಮನಿಯ ಮೊರಿಟ್ಸ್ ಫಾನ್ ಓಸ್ವಾಲ್ಡ್. ಇಬ್ಬರೂ 1962ರಲ್ಲಿ ಹುಟ್ಟಿದವರು. ನನ್ನ ಹಾಗೆಯೇ ಐವತ್ತು ದಾಟಿದವರು.

ಫಾನ್ ಓಸ್ವಾಲ್ಡ್ ಮೂಲತಃ ತಾಳವಾದ್ಯ ಕಲಿತವರು. 1993ರಲ್ಲಿ ಮಾರ್ಕ್ ಎರ್ನೆಸ್ಟುಸ್ ಜೊತೆಗೂಡಿ ‘ಬೇಸಿಕ್ ಚಾನೆಲ್’ ಹೆಸರಿನಲ್ಲಿ ತಂದ ಮುದ್ರಿಕೆಗಳಲ್ಲಿ ಒಂದೇ ಸ್ವರಗುಚ್ಛ ಮತ್ತೆ ಮತ್ತೆ ಮಾರ್ದನಿಗೊಂಡು ಮಂಜಿನಂತೆ ಕರಗುತ್ತದೆ. ಪ್ರತಿಧ್ವನಿ ಕೇಳಬೇಕಾದರೆ ಗೋಡೆ 17 ಮೀಟರಾದರೂ ದೂರವಿರಬೇಕೆಂದು ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದವನು ನಾನು. ಇವರು ಗೋಡೆಯ ಹಂಗೇ ಇಲ್ಲದೆ ಆ ದೂರವನ್ನು ಯಂತ್ರದೊಳಗೆ ಹುಟ್ಟಿಸಿದ್ದರು! ಮುಂದೆ ಇಬ್ಬರೂ ಜಮೈಕಾದ ಡಬ್ ಸಂಗೀತದತ್ತ ವಾಲಿದರು. ತಾಳ ನಿಧಾನವಾಯಿತು, ಕುಣಿತ ಹಿಂದೆ ಸರಿಯಿತು.

2008ರಲ್ಲಿ ಫಾನ್ ಓಸ್ವಾಲ್ಡ್ ಅವರಿಗೆ ಪಾರ್ಶ್ವವಾಯು ಬಡಿಯಿತು. ತಾಳವಾದ್ಯ ನುಡಿಸುವವನಿಗೆ ಇದೆಂಥ ಪೆಟ್ಟೆಂದು ವಿವರಿಸಬೇಕಿಲ್ಲ. ಆದರೂ ಮರುವರ್ಷವೇ ಇನ್ನಿಬ್ಬರೊಡನೆ ಕಟ್ಟಿದ ತ್ರಯದ ಮೊದಲ ಸಂಕಲನ ಬಂತು. ಅದು ಕೂತು ಕೇಳುವ, ಮನೋಧರ್ಮಕ್ಕೆ ತಕ್ಕಂತೆ ಬೆಳೆಯುವ ಸಂಗೀತ. ಕುಣಿಯುವವರ ನೆಲಕ್ಕೆ ಅವರನ್ನು ಮರಳಿಸಿದ್ದು 2013ರ ‘ಬಾರ್ಡರ್‌ಲ್ಯಾಂಡ್’. ಆಟ್‌ಕಿನ್ಸ್ ಜೊತೆ 1990ರ ದಶಕದ ಆರಂಭದಲ್ಲಿಯೇ ಇದೇ ಟ್ರೆಸೊರ್‌ಗಾಗಿ ಕೆಲಸ ಮಾಡಿದ್ದವರು ಅವರು. ಹಳೆಯ ಗೆಳೆಯ, ಹಳೆಯ ಮನೆ. 2016ರಲ್ಲಿ ಇಬ್ಬರೂ ‘ಟ್ರಾನ್ಸ್‌ಪೋರ್ಟ್’ ಎಂಬ ಇನ್ನೊಂದನ್ನೂ ತಂದರು. ಎರಡರಲ್ಲೂ ಅಬ್ಬರವಿಲ್ಲ. ತಾಳ ತಪ್ಪದೆ ನಡೆಯುತ್ತದೆ, ಮಿಕ್ಕದ್ದು ನೀರಿನಂತೆ ಅದರ ಮೇಲೆ ಹರಿಯುತ್ತದೆ. ಮರಳಿ ಬಂದವರು ತಮ್ಮ ಹರೆಯವನ್ನು ನಟಿಸಲಿಲ್ಲವಲ್ಲ, ನನಗೆ ಹಿಡಿಸಿದ್ದು ಅದು.

ನೆಲಮಾಳಿಗೆಯಲ್ಲಿ ಮಾತ್ರ ಅಬ್ಬರಕ್ಕೇನೂ ಕೊರತೆಯಿರಲಿಲ್ಲ. ಉದ್ದನೆಯ ಕಾಂಕ್ರೀಟ್ ಸುರಂಗ ದಾಟಿ ಒಳಹೊಕ್ಕರೆ ಕತ್ತಲೆ, ಹೊಗೆ, ಆಗೊಮ್ಮೆ ಈಗೊಮ್ಮೆ ಮಿಂಚುವ ದೀಪ. ಸಂಗೀತ ನುಡಿಸುವವನು ಕಬ್ಬಿಣದ ಸರಳುಗಳ ಹಿಂದೆ ನಿಂತಿದ್ದ, ಠಾಣೆಯ ಲಾಕಪ್ಪಿನಲ್ಲಿದ್ದಂತೆ. ಗಡಿಯಾರ ಹಿಡಿದು ಎಣಿಸಿದೆ (ಮೇಷ್ಟರ ಚಾಳಿ!): ನಿಮಿಷಕ್ಕೆ 130ರ ಆಸುಪಾಸು. 50 ಹರ್ಟ್ಸ್‌ನ ಮಂದ್ರ ಧ್ವನಿಯ ಒಂದು ಅಲೆಗೆ ಸುಮಾರು 7 ಮೀಟರ್ ಉದ್ದವಿರುತ್ತದೆ. ಅಂಥ ಅಲೆಯನ್ನು ಕಿವಿಯ ಹತ್ತಿ ತಡೆಯುವುದೆಂತು? ಅದು ಎದೆಗೂಡಿನಲ್ಲೇ ಕೇಳುತ್ತದೆ. ಪಕ್ಕದಲ್ಲಿ ನರೆತ ಕೂದಲಿನ ಒಬ್ಬರು ಕಣ್ಣು ಮುಚ್ಚಿ, ಪಾದ ಎತ್ತದೆ, ಹೆಗಲಷ್ಟೇ ಆಡಿಸುತ್ತಿದ್ದರು. ಸ್ವಲ್ಪ ಹೊತ್ತಿನ ನಂತರ ನೋಡಿದರೆ ನನ್ನ ಹೆಗಲೂ ಆಡುತ್ತಿತ್ತು.

ಹೊರಬಂದಾಗ ಬೆಳಕು ಹರಿದಿತ್ತು. ಸ್ಪ್ರೇ ನದಿಯ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ‘ಇನ್ನೊಂದ್ಸಲ ಬರೋಣ್ವಾ ಚಿಕ್ಕಪ್ಪ?’ ಎಂದು ಅವನು ಕೇಳಿದ್ದು, ಹತ್ತಿ ತೆಗೆಯಲು ಮರೆತಿದ್ದರಿಂದ, ಎರಡನೆಯ ಸಲಕ್ಕೆ ಕೇಳಿಸಿತು.