ಊರ ಗೋಡೆಯ ಮೇಲೆ ಊರಿನ ಚಿತ್ರ

ರಮಣೀಯವಾದ ಸ್ಥಳದಲ್ಲಿ ಹುಟ್ಟಿ ಬೆಳೆದವರಿಗೆ ಆ ರಮಣೀಯತೆಯು ಕಣ್ಣಿಗೆ ಬೀಳುವುದು ಅಪೂರ್ವ. ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸು ಮರವಂತೆಯನ್ನು ದಾಟುವಾಗ ಈ ಮಾತನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು. ರಸ್ತೆಯ ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ ನದಿ, ಅದರಾಚೆ ನೀಲಿಯಾಗಿ ಘಟ್ಟದ ಸಾಲು. ಪರಸ್ಥಳದವರು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಕತ್ತು ಹೊರಳಿಸುತ್ತಾರೆ. ಊರಿನವರಾದರೋ ಸಂತೆಯ ಚೀಲವನ್ನು ಕಾಲುಗಳ ನಡುವೆ ಇರಿಸಿಕೊಂಡು ತೂಕಡಿಸುತ್ತಾರೆ. ಅವರನ್ನು ಅರಸಿಕರೆಂದು ಕರೆಯುವುದು ಅನ್ಯಾಯ. ದಿನವೂ ಕಾಣುವುದನ್ನು ಗಮನಿಸದೆ ಬಿಡುವುದು ಮನುಷ್ಯನ ಕಣ್ಣು ತನಗೆ ತಾನೇ ಕೊಟ್ಟುಕೊಂಡ ವಿಶ್ರಾಂತಿ.

ಅದೇ ಮರವಂತೆಯನ್ನು ಊರಿನ ಚಿತ್ರಕಾರನೊಬ್ಬನು ಒಂದೂವರೆ ಮೊಳದ ಕಾಗದದ ಮೇಲೆ ಬರೆದು, ಚೌಕಟ್ಟು ಹಾಕಿಸಿ, ಪೇಟೆಯ ಸಭಾಭವನದ ಗೋಡೆಗೆ ತೂಗಹಾಕಿದನೆನ್ನಿ. ಬಸ್ಸಿನಲ್ಲಿ ತೂಕಡಿಸುತ್ತಿದ್ದವರೇ ಅದರ ಮುಂದೆ ನಿಂತುಬಿಡುತ್ತಾರೆ. ಕಡಲಿಗೆ ಕೊಡದ ಐದು ನಿಮಿಷಗಳನ್ನು ಕಡಲಿನ ಚಿತ್ರಕ್ಕೆ ಕೊಡುತ್ತಾರೆ. ಇದು ವಿಚಿತ್ರವೆಂದು ತೋರಿದರೂ ಇದರಲ್ಲಿಯೇ ಚಿತ್ರಕಲೆಯ ಪ್ರಯೋಜನದ ಅರ್ಧಭಾಗವಿದೆ. ಮನೆಗೆ ಮರಳುವಾಗ ಅದೇ ಕಿಟಕಿಯಿಂದ ಒಮ್ಮೆಯಾದರೂ ಹೊರಗೆ ನೋಡದವರು ವಿರಳ.

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳಲ್ಲಿ ಚಿತ್ರ ಬರೆಯುವವರು ಇಲ್ಲದಿಲ್ಲ. ಶಾಲೆಯ ಚಿತ್ರಕಲೆಯ ಮಾಸ್ತರರು, ನಾಮಫಲಕ ಬರೆದು ಜೀವಿಸುವವರು, ಚೌತಿಗೆ ಗಣಪತಿಯ ಮಣ್ಣಿನ ಮೂರ್ತಿಗಳನ್ನು ಮಾಡುವವರು, ರಜೆಯ ದಿನಗಳಲ್ಲಿ ಕುಂಚ ಹಿಡಿಯುವ ಗೃಹಿಣಿಯರು, ಬ್ಯಾಂಕಿನಿಂದ ನಿವೃತ್ತರಾದವರು, ಹೀಗೆ ಹಲವರು. ಇವರೆಲ್ಲರ ಕೆಲಸವನ್ನು ಒಂದೇ ಗೋಡೆಯ ಮೇಲೆ ಕಂಡರೆ ಪಂಚಗಂಗಾವಳಿಯ ನೀರು, ಗಂಗೊಳ್ಳಿಯ ದೋಣಿ, ಒತ್ತಿನೆಣೆಯ ಗುಡ್ಡ, ಸೀತಾನದಿಯ ದಂಡೆಯ ತೆಂಗು, ಮುರಕಲ್ಲಿನ ಪಾಗಾರ ಎಲ್ಲವೂ ಒಂದರ ಪಕ್ಕದಲ್ಲೊಂದು ಕುಳಿತಿರುತ್ತವೆ. ನಡುವೆ ಒಂದು ಯಕ್ಷಗಾನದ ಕಿರೀಟ, ಒಂದು ಮರದ ಕೆತ್ತನೆ, ಮಕ್ಕಳ ಬಣ್ಣದ ಕಾಗದಗಳು. ಎಲ್ಲವೂ ಸಮಾನವಾದ ಯೋಗ್ಯತೆಯವಲ್ಲ. ಅದು ಹಾಗಿರಲಿ, ಗಮನಿಸತಕ್ಕದ್ದು ಅವುಗಳ ಮುಂದೆ ನಡೆಯುವ ಮಾತುಕತೆ.

“ಇದು ಗಂಗೊಳ್ಳಿ ಅಳಿವೆ ಅಲ್ದಾ ಮಾರಾಯ್ರೆ?” ಎಂಬುದು ಮೊದಲನೆಯ ಪ್ರಶ್ನೆ. ಸ್ಥಳದ ಗುರುತು ಹತ್ತಿದ ಮೇಲೆ ವಿಮರ್ಶೆಯು ಆರಂಭವಾಗುತ್ತದೆ. ಮೀನುಗಾರಿಕೆಯನ್ನು ಬಲ್ಲವರು, ಮರಳದಿಣ್ಣೆ ಎದ್ದು ಕಾಣುವಂತೆ ನೀರು ಇಳಿಯುತ್ತಿರುವಾಗ ಲಂಗರು ಹಾಕಿದ ದೋಣಿಯ ಮುಂತುದಿ ಹೊಳೆಯ ಮೇಲ್ಗಡೆಗೆ ತಿರುಗಿರಬೇಕಲ್ಲದೆ ಕಡಲ ಕಡೆಗಲ್ಲ ಎನ್ನುತ್ತಾರೆ. ಬೇಸಾಯಗಾರರು, ಒಂದು ಗದ್ದೆಯಲ್ಲಿ ಪೈರು ಹಣ್ಣಾಗಿ ನಿಂತಿರುವಾಗ ಪಕ್ಕದ ಗದ್ದೆಯಲ್ಲಿ ಹೆಂಗಸರು ನಾಟಿ ಮಾಡುವುದುಂಟೆ ಎಂದು ಕೇಳುತ್ತಾರೆ. ನಗರದ ಕಲಾಶಾಲೆಗಳಲ್ಲಿ ಇಂಥ ಮಾತು ಕೇಳಿಬರುವುದು ಅಪರೂಪ. ಅಲ್ಲಿ ಅಳಿವೆಯು ಒಂದು ನೀಲಿಯ ಹರವು, ದೋಣಿಯು ಒಂದು ಕಪ್ಪು ರೇಖೆ. ಊರಿನಲ್ಲಿ ಮಾತ್ರ ಚಿತ್ರವನ್ನು ಚಿತ್ರಿತವಾದ ವಸ್ತುವಿನ ಪಕ್ಕದಲ್ಲಿಟ್ಟು ತೂಗುವವರಿದ್ದಾರೆ.

ಈ ಬಗೆಯ ವಿಮರ್ಶೆಯಿಂದ ಕಲಾವಿದನು ಕೇವಲ ಫೋಟೋದ ಯಂತ್ರವಾದಾನು ಎಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪವು ನಿರಾಧಾರವಲ್ಲ. ಆದರೆ ಇದೇ ಪ್ರೇಕ್ಷಕರು ರಾತ್ರಿ ಬಯಲಾಟಕ್ಕೆ ಹೋಗಿ ಕುಳಿತಾಗ ಏನು ಮಾಡುತ್ತಾರೆಂಬುದನ್ನೂ ನೋಡಬೇಕಷ್ಟೆ. ಕರ್ಣನ ಮುಂಡಾಸಿನಂಥದು ಯಾವ ಅರಸನ ತಲೆಯ ಮೇಲೂ ಇದ್ದಿರಲಾರದೆಂದು ಅವರು ಹೇಳುವುದಿಲ್ಲ. ಒಂದು ರಥವೂ ಇಲ್ಲದೆ ರಂಗಸ್ಥಳದಲ್ಲಿ ಯುದ್ಧವು ಮುಗಿದುಹೋದರೂ ಅವರಿಗೆ ಕೊರತೆಯೆನಿಸುವುದಿಲ್ಲ. ಭಾಗವತರು ಒಂದು ಪದ್ಯವನ್ನು ಬೇರೆ ರಾಗದಲ್ಲಿ ಎತ್ತಿಕೊಂಡರೆ ಮಾತ್ರ ತಟ್ಟನೆ ಎಚ್ಚರಗೊಳ್ಳುತ್ತಾರೆ. ಯಥಾರ್ಥವನ್ನು ಮೀರಿದ ಸತ್ಯವೊಂದು ಕಲೆಯಲ್ಲಿ ಇದೆಯೆಂಬುದನ್ನು ಅವರಿಗೆ ಯಾರೂ ಉಪನ್ಯಾಸ ಮಾಡಿ ಕಲಿಸಿಲ್ಲ. ಮಂದಾರ್ತಿ, ಮಾರಣಕಟ್ಟೆಗಳ ಮೇಳಗಳು ಹರಕೆಯ ಆಟಗಳನ್ನು ಮನೆಯಂಗಳಕ್ಕೂ ಗದ್ದೆಗೂ ತಂದುದರಿಂದ, ಬಾಲ್ಯದಿಂದ ನೂರಾರು ರಾತ್ರಿ ನೋಡಿ ನೋಡಿ, ಅದು ತಾನಾಗಿ ಬಂದಿದೆ. ಚಿತ್ರವನ್ನು ನೋಡುವ ಕಣ್ಣಿಗೂ ಬೇರೆ ಮಾರ್ಗವಿಲ್ಲ. ಹತ್ತಿರದಲ್ಲಿ, ಪದೇಪದೇ, ಖರ್ಚಿಲ್ಲದೆ ನೋಡಲು ಸಿಕ್ಕಬೇಕು. ವರ್ಷಕ್ಕೊಮ್ಮೆ ಮೂರು ದಿನ ನಡೆದು ಮುಚ್ಚುವ ಪ್ರದರ್ಶನದಿಂದ ದೋಣಿಯ ದಿಕ್ಕನ್ನು ತಿದ್ದುವವರು ಹುಟ್ಟುತ್ತಾರೆ. ಆ ದೋಣಿಯನ್ನು ಚಿತ್ರಕಾರನು ಬೇಕೆಂದೇ ತಿರುಗಿಸಿದ್ದಾನೆಯೆ ಎಂದು ಯೋಚಿಸುವವರು ಹುಟ್ಟಬೇಕಾದರೆ ವರ್ಷವಿಡೀ ತೆರೆದಿರುವ ಗೋಡೆಯೊಂದು ಬೇಕು.

ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಈ ಎರಡು ಕಲೆಗಳನ್ನೂ ಜೊತೆಯಾಗಿ ಕಂಡವರು. ಯಕ್ಷಗಾನಕ್ಕೆ ಅವರು ಮಾಡಿದ ಸೇವೆಯನ್ನು ಎಲ್ಲರೂ ಬಲ್ಲರು. ‘ಭಾರತೀಯ ಚಿತ್ರಕಲೆ’ ಎಂಬ ಗ್ರಂಥವನ್ನು ಅವರು 1930ರಷ್ಟು ಹಿಂದೆಯೇ ಕನ್ನಡಕ್ಕೆ ಕೊಟ್ಟರೆಂಬುದನ್ನು ನೆನೆಯುವವರು ಕಡಮೆ. ಈ ಕರಾವಳಿಯ ಮರಳು, ಅಳಿವೆ, ಮಳೆಗಾಲದ ಕಡಲು ಅವರ ಕಾದಂಬರಿಗಳಲ್ಲಿ ಎಷ್ಟು ಸ್ಪಷ್ಟವಾಗಿ ಮೂಡಿವೆಯೆಂದರೆ, ಇಲ್ಲಿಯ ಭೂದೃಶ್ಯವನ್ನು ಕುಂಚಕ್ಕಿಂತ ಮೊದಲು ಲೇಖನಿಯೇ ಚಿತ್ರಿಸಿತೆಂದರೆ ತಪ್ಪಾಗದು.

ಭೂದೃಶ್ಯವನ್ನು ಭೂದೃಶ್ಯಕ್ಕಾಗಿಯೇ ಬರೆದು ಗೋಡೆಗೆ ತೂಗಹಾಕುವ ಪದ್ಧತಿಯು ಈ ನಾಡಿಗೆ ಹೊಸದು. ಇಲ್ಲಿಯ ಹಳೆಯ ಕಲೆಗೆ ಒಂದು ಕೆಲಸವಿರುತ್ತಿತ್ತು. ಗೋವೆಯಿಂದ ಈ ಕಡೆಗೆ ಕರಾವಳಿಯುದ್ದಕ್ಕೂ ಹಬ್ಬಿದ ಕಾವಿಕಲೆಯಲ್ಲಿ, ಚಿಪ್ಪಿನ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪವನ್ನು ಕೊಟ್ಟು, ಅದು ಆರುವ ಮುನ್ನ ಮೊನೆಯಿಂದ ಗೀರಿ ಕೆಳಗಿನ ಬಿಳುಪನ್ನು ಹೊರಗೆ ತರುತ್ತಿದ್ದರು. ಅದು ದೇಗುಲದ ಗೋಡೆಗೆ ಅಲಂಕಾರ. ಉಪ್ಪಿನಕುದ್ರುವಿನ ಸೂತ್ರದ ಬೊಂಬೆಗಳು ಆಟಕ್ಕಾಗಿ. ಮೇಕ್ಕೆಕಟ್ಟಿನ ಮರದ ಮೂರ್ತಿಗಳು ಆರಾಧನೆಗಾಗಿ. ಈ ಕೊನೆಯದರ ಕಥೆಯು ವಿಶೇಷವಾದುದು. ಅಲ್ಲಿಯ ಹಳೆಯ ಮೂರ್ತಿಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿ, ದೇಶವಿದೇಶದ ಪ್ರೇಕ್ಷಕರ ವಿಸ್ಮಯಕ್ಕೆ ಪಾತ್ರವಾಗಿವೆ. ಅವು ಉಳಿದುದು ಸಂತೋಷವೇ. ಆದರೂ ಬ್ರಹ್ಮಾವರದ ಬಾಲಕನೊಬ್ಬನು ತನ್ನ ಪೂರ್ವಿಕರ ಕೈಕೆಲಸವನ್ನು ನೋಡಲು ದೆಹಲಿಯವರೆಗೆ ಹೋಗಬೇಕಾದುದು ಯೋಚಿಸತಕ್ಕ ವಿಷಯ.

ವಸ್ತುಗಳು ಹೋದಂತೆ ಕಲಾವಿದರೂ ಹೋದರು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೃಷ್ಣ ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಅಭ್ಯಾಸ ಮಾಡಿ, ಮುಂದೆ ಪ್ಯಾರಿಸಿಗೂ ಹೋಗಿ ಕಲಿತು, ಮುಂಬಯಿಯಲ್ಲಿಯೇ ನೆಲೆಸಿದರು. ಅವರಿಗೆ 1961ರಲ್ಲಿ ಪದ್ಮಶ್ರೀಯೂ 1989ರಲ್ಲಿ ಪದ್ಮಭೂಷಣವೂ ದೊರೆತುವು. 1996ರಲ್ಲಿ ಅವರು ತೀರಿಕೊಂಡರು. ಮಣಿಪಾಲದಲ್ಲಿ ಇಂದು ಅವರ ಹೆಸರಿನ ಗ್ಯಾಲರಿ ಇದೆ. ಆದರೆ ಅವರ ತಾರುಣ್ಯದಲ್ಲಿ ಕರಾವಳಿಯ ಹಳ್ಳಿಯ ಹುಡುಗನೊಬ್ಬನು ಚಿತ್ರಕಾರನಾಗಬೇಕಾದರೆ ಊರನ್ನು ಬಿಡುವುದೇ ಪ್ರಥಮ ಪಾಠವಾಗಿತ್ತು. ಇದು ಈ ಜಿಲ್ಲೆಯ ದೋಷವೆಂದು ಭಾವಿಸಬೇಕಾಗಿಲ್ಲ. ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ ತನ್ನ ತಂದೆಯ ಗಿರಣಿಯ ಸುತ್ತಲಿನ ಸ್ಟೌರ್ ಹೊಳೆಯನ್ನೇ ಮತ್ತೆ ಮತ್ತೆ ಬರೆದವನು. 1821ರಲ್ಲಿ ಅವನು ಬರೆದ ಹುಲ್ಲುಗಾಡಿಯ ಚಿತ್ರಕ್ಕೆ 1824ರಲ್ಲಿ ಪ್ಯಾರಿಸಿನಲ್ಲಿ ಚಿನ್ನದ ಪದಕ ದೊರೆಯಿತು. ಸ್ವದೇಶದ ರಾಯಲ್ ಅಕಾಡೆಮಿಯು ಅವನನ್ನು ಪೂರ್ಣ ಸದಸ್ಯನನ್ನಾಗಿ ಸ್ವೀಕರಿಸಿದುದು 1829ರಲ್ಲಿ, ಅವನಿಗೆ ಐವತ್ತೆರಡು ವರ್ಷ ತುಂಬಿದ ಮೇಲೆ. ಮನೆಯ ಹಿತ್ತಿಲ ಹೊಳೆಯನ್ನು ಬರೆದವನಿಗೆ ಮನೆಯವರ ಮನ್ನಣೆಯು ತಡವಾಗಿ ಬರುವುದು ಎಲ್ಲ ದೇಶಗಳಲ್ಲಿಯೂ ಕಂಡ ಸಂಗತಿ.

ತಡವಾದರೂ ಸರಿಯೆಂದು ಸುಮ್ಮನಿರುವಂತಿಲ್ಲ. ಏಕೆಂದರೆ ಚಿತ್ರಿಸಬೇಕಾದ ವಸ್ತುವೇ ಕಾಯುತ್ತ ಕುಳಿತಿಲ್ಲ. ಈಗಿನ ಚಿತ್ರಗಳಲ್ಲಿ ಕೆಂಪು ಹಂಚಿನ ಮಾಡು ಕಾಣಿಸಿದೊಡನೆ ಪ್ರೇಕ್ಷಕರು ಅದನ್ನು ಸನಾತನವಾದ ಊರಿನ ರೂಪವೆಂದು ತಿಳಿದು ನಿಟ್ಟುಸಿರು ಬಿಡುತ್ತಾರೆ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದುದು 1865ರಲ್ಲಿ. ಅದಕ್ಕೆ ಮುಂಚೆ ಕರಾವಳಿಯ ಮನೆಗಳಲ್ಲಿ ಬಹುಪಾಲು ಹುಲ್ಲು ಮಾಡಿನವು. ಹುಲ್ಲಿನ ಊರನ್ನು ಬರೆದಿಟ್ಟವರಿಲ್ಲ. ಹಂಚಿನ ಊರು ಕಾಂಕ್ರೀಟಿಗೆ ದಾರಿ ಬಿಡುತ್ತಿರುವಾಗ ಅದನ್ನು ಬರೆಯುವವರು ಹತ್ತಾರು ಜನರಿರುವುದು ಭಾಗ್ಯವೇ ಸರಿ. ಆದರೆ ಅವರಲ್ಲಿ ಅನೇಕರು ಒಂದು ಚಿಕ್ಕ ಮೋಸವನ್ನು ಮಾಡುತ್ತಾರೆ. ಮರವಂತೆಯನ್ನು ಬರೆಯುವಾಗ ಕಡಲ್ಕೊರೆತವನ್ನು ತಡೆಯಲೆಂದು ಹಾಕಿದ ಬಂಡೆಗಳ ರಾಶಿಯನ್ನು ಬಿಟ್ಟುಬಿಡುತ್ತಾರೆ; ವಿದ್ಯುತ್ತಿನ ಕಂಬವನ್ನು ಕಿತ್ತು ತೆಂಗಿನ ಮರವನ್ನು ನೆಡುತ್ತಾರೆ. ಗೋಡೆಯ ಮೇಲಿನ ಊರು ಅಂದವಾಗುತ್ತದೆ. ಮುಂದಿನ ತಲೆಮಾರಿಗೆ ಅದರಿಂದ ತಿಳಿಯುವುದು ಸ್ವಲ್ಪವೇ. ಬಂಡೆಯ ರಾಶಿಯ ಮೇಲೆಯೂ ಸಂಜೆಯ ಬಿಸಿಲು ಬೀಳುತ್ತದೆ. ಅದನ್ನು ಬರೆಯಬಲ್ಲ ಕೈಗೆ ಧೈರ್ಯ ಬರಬೇಕಾದರೆ ಅದನ್ನು ನೋಡಿ ಮೆಚ್ಚಬಲ್ಲ ನೆರೆಯವರಿರಬೇಕು.

ಮೆಚ್ಚಿಗೆಯೆಂದರೆ ಬಾಯಿಮಾತಿನದು ಮಾತ್ರವಲ್ಲ. ಗೃಹಪ್ರವೇಶಕ್ಕೆ ಲಕ್ಷಗಟ್ಟಲೆ ವೆಚ್ಚ ಮಾಡುವ ಮನೆಯಲ್ಲಿ ಪಡಸಾಲೆಯ ಗೋಡೆಗೆ ಎಲ್ಲಿಯದೋ ಹಿಮಪರ್ವತದ ಅಚ್ಚಿನ ಚಿತ್ರ ಬರುತ್ತದೆ. ಅದೇ ಬೀದಿಯ ಚಿತ್ರಕಾರನ ಅಳಿವೆಯು ಪ್ರದರ್ಶನದ ಮೂರು ದಿನ ಹೊಗಳಿಸಿಕೊಂಡು, ಕಾಗದದಲ್ಲಿ ಸುತ್ತಿಸಿಕೊಂಡು, ಅವನ ಮನೆಯ ಅಟ್ಟಕ್ಕೆ ಹಿಂದಿರುಗುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ಸೀಮೆಯಲ್ಲಿ ಅಟ್ಟದ ಮೇಲಿನ ಕಾಗದದ ಗತಿಯನ್ನು ವಿವರಿಸಬೇಕಾಗಿಲ್ಲ. ಮೂರು ಆಷಾಢಗಳು ಕಳೆಯುವುದರೊಳಗೆ ಬೂಷ್ಟು ಹಿಡಿದು ಆಕಾಶದಲ್ಲಿ ಕಲೆಗಳೇಳುತ್ತವೆ.

ಇದಕ್ಕೆ ಅರಮನೆಯಂಥ ಭವನವು ಬೇಕಾಗಿಲ್ಲ. ಕೋಟತಟ್ಟಿನ ಗ್ರಾಮ ಪಂಚಾಯತಿಯು ತನ್ನ ಊರಿನ ಸಾಹಿತಿಯಾದ ಕಾರಂತರ ಹೆಸರಿನಲ್ಲಿ ಥೀಮ್ ಪಾರ್ಕನ್ನು ನಡೆಯಿಸಿಕೊಂಡು ಬರುತ್ತಿರುವುದು ಕಣ್ಣ ಮುಂದಿದೆ. ಒಂದು ಪಂಚಾಯತಿಯ ಕೈಯಲ್ಲಿ ಅಷ್ಟು ಆಗುವುದಾದರೆ, ಮೂರು ತಾಲೂಕುಗಳು ಸೇರಿ ತೇವವಿಲ್ಲದ ಒಂದು ಕೊಠಡಿ, ನಾಲ್ಕು ಒಳ್ಳೆಯ ದೀಪ, ವರ್ಷಕ್ಕೆ ಊರಿನವರದೇ ಹತ್ತು ಚಿತ್ರಗಳನ್ನು ಕೊಳ್ಳುವ ಒಂದು ಸಣ್ಣ ನಿಧಿ, ಇಷ್ಟನ್ನು ಕೂಡಿಸುವುದು ಅಸಾಧ್ಯವಲ್ಲ. ಹತ್ತು ವರ್ಷಗಳಲ್ಲಿ ನೂರು ಚಿತ್ರಗಳಾಗುತ್ತವೆ. ಆ ನೂರರಲ್ಲಿ ತೊಂಬತ್ತು ಸಾಧಾರಣವಾದವೇ ಇರಲಿ. ಬಯಲಾಟದ ಎಲ್ಲ ರಾತ್ರಿಗಳೂ ಉತ್ತಮವಾಗಿರಲಿಲ್ಲ, ಆದರೂ ಆ ರಾತ್ರಿಗಳೇ ಪ್ರೇಕ್ಷಕರನ್ನು ಬೆಳೆಸಿದುವು. ಉಳಿದ ಹತ್ತರ ಮುಂದೆ ನಿಂತು ಬೆಳೆದ ಹುಡುಗಿಯೊಬ್ಬಳು ಕುಂಚವನ್ನು ಕೈಗೆ ತೆಗೆದುಕೊಂಡಾಗ, ಮುಂಬಯಿಗೆ ಹೋಗುವುದೋ ಬಿಡುವುದೋ ಅವಳ ಇಷ್ಟಕ್ಕೆ ಸೇರಿದ ಮಾತಾಗುತ್ತದೆ.