ಬೆಳ್ಮಣ್ಣಿನ ಕರು

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಬೆಳ್ಮಣ್ಣು ಸಿಗುತ್ತದಲ್ಲ, ನಮ್ಮ ದೊಡ್ಡಮ್ಮನ ಮನೆ ಅಲ್ಲಿ. 2013ರಲ್ಲಿ ಕಾಲುಬಾಯಿ ಜ್ವರ ರಾಜ್ಯದಲ್ಲಿ ಸಾವಿರಾರು ದನಗಳ ಜೀವ ತೆಗೆಯಿತು. ದೊಡ್ಡಮ್ಮನ ಕರುವಿಗೆ ಹುಷಾರು ತಪ್ಪಿದ್ದು ಅದರ ಮರುವರ್ಷವೋ, ಅದರಾಚೆಗೋ, ಸರಿಯಾಗಿ ನೆನಪಿಲ್ಲ. ಆಟಿ ತಿಂಗಳೆಂಬುದು ಮಾತ್ರ ಖಂಡಿತ. ಒಳಗೆ ಪತ್ರೊಡೆ ಬೇಯುತ್ತಿತ್ತು. ಕೆಸುವಿನೆಲೆಯ ನಾರು ತೆಗೆಯುವ ಕೆಲಸವನ್ನು ದೊಡ್ಡಮ್ಮ ಯಾರ ಕೈಗೂ ಕೊಟ್ಟವರಲ್ಲ. ಉಂಡವರ ಗಂಟಲು ತುರಿಸಿದರೆ ವರ್ಷವಿಡೀ ಮಾತು ಕೇಳಬೇಕು ಎನ್ನುತ್ತಿದ್ದರು.

ಇರಲಿ, ಕರುವಿನ ಸಂಗತಿ ಹೇಳುತ್ತೇನೆ. ಅದರ ಮೂತಿಯ ಮೇಲೆ, ತುಟಿಯ ಒಳಗೆ ಕೆಂಪು ಗುಳ್ಳೆ ಎದ್ದಿದ್ದವು. ಒಂದೊಂದರ ಸುತ್ತ ಉಬ್ಬಿದ ಅಂಚು. ನೆರೆಮನೆಯವರು ಕಾಲುಬಾಯಿಯೇ ಅಂದರು. ದೊಡ್ಡಮ್ಮ ಆ ರಾತ್ರಿ ಗಂಜಿ ಮುಟ್ಟಲಿಲ್ಲ.

ಮರುದಿನ ಸುರಿಮಳೆಯಲ್ಲೇ ಡಾಕ್ಟ್ರು ಬೈಕಿನಲ್ಲಿ ಬಂದರು. ಬಾಯಿ ನೋಡುವ ಮೊದಲು ಕಾಲು ಹಿಡಿದೆತ್ತಿ ಗೊರಸಿನ ಸಂದು ಅಗಲಿಸಿದರು. ಆಮೇಲೆ ಜ್ವರ ನೋಡಿದರು.

"ಹಾಲು ಕುಡೀತದಾ?"

"ಕುಡೀತದೆ ಡಾಕ್ಟ್ರೇ, ಸ್ವಲ್ಪ ಕಡಿಮೆ."

"ಹೆದರ್ಬೇಡಿ. ಜ್ವರ ಇಲ್ಲ, ಜೊಲ್ಲು ಇಲ್ಲ, ಗೊರಸು ಸರಿ ಉಂಟು. ದೊಡ್ಡ ದನಗಳಿಗೂ ಏನೂ ಆಗ್ಲಿಲ್ಲ. ಇದು ಬೇರೆ."

ಬೋವೈನ್ ಪ್ಯಾಪ್ಯುಲರ್ ಸ್ಟೊಮಟೈಟಿಸ್ ಎಂದರು. ಸಿಡುಬಿನ ಬಳಗದ್ದೇ ಒಂದು ವೈರಾಣು, ಆದರೆ ಪಾಪದ್ದು. ಹೆಚ್ಚಾಗಿ ಎಳೆಗರುಗಳಿಗೆ ಬಂದು, ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಮೆತ್ತಗಿನ ಹುಲ್ಲು ಹಾಕಿ, ಬೇರೆ ಕರುಗಳ ಜತೆ ಬಿಡಬೇಡಿ. ಸಂಶಯ ಬಂದರೆ ಕಜ್ಜಿಯ ಚೂರನ್ನು ಬೆಂಗಳೂರಿನ ಹೆಬ್ಬಾಳದ ಪ್ರಯೋಗಾಲಯಕ್ಕೆ ಕಳಿಸುವ ಅಂದರು. ಆ ಗೊರಸು ನೋಡುವ ರೀತಿಯನ್ನು ಹಟ್ಟಿ ಇರುವ ಎಲ್ಲರೂ ಕಲಿತಿರಬೇಕು ಎಂದು ನನಗೆ ಆವತ್ತೇ ಅನಿಸಿತು. ಹಾಗೆಂದು ಬಾಯಿಹುಣ್ಣು ಕಂಡಾಗ ಡಾಕ್ಟ್ರನ್ನು ಕರೆಯದೆ ಕೂರುವ ಹಾಗಿಲ್ಲ.

ಹೊರಡುವಾಗ ಅವರ ಕಣ್ಣು ದೊಡ್ಡಮ್ಮನ ಬಲಗೈ ಬೆರಳಿನ ಮೇಲೆ ಬಿತ್ತು. ಅಲ್ಲೂ ಒಂದು ಗಂಟು. ಕರುವಿಗೆ ಬಾಲ್ದಿಯಿಂದ ಕುಡಿಯಲು ಕಲಿಸಲು ದೊಡ್ಡಮ್ಮ ಹಾಲಿನಲ್ಲದ್ದಿದ ಬೆರಳನ್ನು ಅದರ ಬಾಯಿಗಿಡುತ್ತಿದ್ದರು. ಮನುಷ್ಯರಿಗೂ ಹೀಗೆ ಅಂಟುತ್ತದೆ, ತಾನಾಗಿ ವಾಸಿಯಾಗುತ್ತದೆ, ಅಲ್ಲಿಯವರೆಗೆ ಮುಚ್ಚಿಡಿ, ಹಾಲು ಕರೆಯಬೇಡಿ ಎಂದರು.

ಕರು ಬೇಗ ಸುಧಾರಿಸಿತು. ಬೆರಳಿಗೆ ಅದಕ್ಕಿಂತ ಹೆಚ್ಚು ದಿನ ಬೇಕಾಯಿತು. ಅಷ್ಟೂ ದಿನ ಸೊಸೆ ಹಾಲು ಕರೆಯುವಾಗ ದೊಡ್ಡಮ್ಮ ಹಟ್ಟಿಯ ಬಾಗಿಲಲ್ಲಿ ಮಣೆ ಹಾಕಿ ಕೂತು, ಹೇಗೆ ಕರೆಯಬೇಕೆಂದು ಹೇಳಿಕೊಡುತ್ತಲೇ ಇದ್ದರು.